ಡ್ರಮ್ಮು ಶಾಲೆಯದ್ದು, ಬಿಲ್ಲು ಅಪ್ಪನದ್ದು

ಜಂಬೂಸವಾರಿ ನೋಡೋಕೆ ರಸ್ತೆ ಬದಿಯಲ್ಲಿ ನಿಂತವರಿಗೆ ಒಂದು ವಿಷಯ ಗೊತ್ತಿರತ್ತೆ. ಆನೆ ಕಣ್ಣಿಗೆ ಬೀಳೋಕೆ ಮುಂಚೆ ಬ್ಯಾಂಡು ಕಿವಿಗೆ ಬೀಳತ್ತೆ. ಮೈಸೂರು ಬ್ಯಾಂಡಿನ ಊರು. ಅರಮನೆಗೆ ಕರ್ನಾಟಕ ಸಂಗೀತ ನುಡಿಸೋ ವಾದ್ಯವೃಂದವೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಆ ಪರಂಪರೆ ಇವತ್ತಿಗೂ ಪೊಲೀಸ್ ಬ್ಯಾಂಡಿನ ರೂಪದಲ್ಲಿ ಉಳಿದಿದೆ. ಅಲ್ಲಿ ನುಡಿಸುವವರು ದುಡ್ಡು ಕಟ್ಟಿ ನುಡಿಸಲ್ಲ. ಸಂಬಳ ತಗೊಂಡು ನುಡಿಸ್ತಾರೆ. ವಾದ್ಯ ಸರ್ಕಾರದ್ದು, ಸಮವಸ್ತ್ರ ಸರ್ಕಾರದ್ದು.

ಈಗ ಅದೇ ಮೈಸೂರಿನ ಇನ್ನೊಂದು ತುದಿಗೆ, ಹೂಟಗಳ್ಳಿಗೆ ಬನ್ನಿ. ಅಕ್ಕಪಕ್ಕ ಹೆಬ್ಬಾಳ, ಕೂರ್ಗಳ್ಳಿ, ಸುತ್ತ ಕಾರ್ಖಾನೆಗಳು, ನಡುವೆ ಹೌಸಿಂಗ್ ಬೋರ್ಡ್ ಮನೆಗಳು. ಶಿಫ್ಟ್ ಲೆಕ್ಕದಲ್ಲಿ ಬದುಕೋ ಜನ. ಇಲ್ಲಿ ಒಂದು ಮನೆ ಊಹಿಸಿಕೊಳ್ಳಿ. ಅಪ್ಪ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರ. ಮಗಳು ಏಳನೇ ಕ್ಲಾಸು. ಸ್ಕೂಲ್ ಬ್ಯಾಂಡ್‌ಗೆ ಆಯ್ಕೆ ಆಗಿದ್ದಾಳೆ. ಕುಣೀತಾ ಮನೆಗೆ ಬಂದವಳ ಕೈಯಲ್ಲಿ ಒಂದು ಚೀಟಿ ಇದೆ. ಸಮವಸ್ತ್ರಕ್ಕೆ ಇಷ್ಟು, ವಾದ್ಯಕ್ಕೆ ಇಷ್ಟು, ಕೋಚ್‌ಗೆ ಇಷ್ಟು, ಸ್ಪರ್ಧೆಗೆ ಹೋಗಿ ಬರೋಕೆ ಇಷ್ಟು. ಅಪ್ಪ ಚೀಟಿ ಮಡಚಿ ಜೇಬಿಗೆ ಇಟ್ಕೋತಾನೆ. "ನೋಡೋಣ ಕಣಮ್ಮಾ" ಅಂತಾನೆ. ಆ "ನೋಡೋಣ" ಅನ್ನೋ ಮಾತಿನ ಅರ್ಥ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು, ಅಲ್ವಾ?

ಇವತ್ತಿನ ಪ್ರಶ್ನೆ ಇಷ್ಟೇ. ಆ ಚೀಟಿಯಲ್ಲಿರೋ ಮೊತ್ತ ಯಾಕೆ ಅಷ್ಟಿದೆ? ಅದು ಅಷ್ಟು ಇರಲೇಬೇಕಾ?

ನಾನು ಎಂಜಿನಿಯರಿಂಗ್ ಓದಿದವನು. ಲೆಕ್ಕ ಬರೆಯದೆ ಸಮಾಧಾನ ಆಗಲ್ಲ. ಒಂದು ಉದಾಹರಣೆ ಹಿಡಿಯೋಣ. ಯಾವುದೋ ಒಂದು ಶಾಲೆಯ ಲೆಕ್ಕ ಅಲ್ಲ ಇದು, ಅರ್ಥ ಆಗಲಿ ಅಂತ ಹಾಕಿದ ಅಂದಾಜು. 30 ಮಕ್ಕಳ ಬ್ಯಾಂಡು. 10 ಸೈಡ್ ಡ್ರಮ್, ಒಂದಕ್ಕೆ 5,000 ಅಂದರೆ 50,000. ಎರಡು ಬೇಸ್ ಡ್ರಮ್, ಒಟ್ಟು 20,000. ಟ್ರಂಪೆಟ್ ಥರದ 12 ಊದುವ ವಾದ್ಯ, ಒಂದಕ್ಕೆ 10,000 ಅಂದರೆ 1,20,000. ತಾಳ ಮತ್ತೊಂದು ಮಗದೊಂದು 10,000. ಒಟ್ಟು 2 ಲಕ್ಷ ರೂಪಾಯಿ. ಮೀರತ್‌ನಂಥ ಕಡೆ ತಯಾರಾಗೋ ದೇಶೀ ವಾದ್ಯಗಳನ್ನ ಮನಸ್ಸಲ್ಲಿಟ್ಟು ಹಾಕಿದ ಲೆಕ್ಕ ಇದು. ಯಮಹಾದಂಥ ಕಂಪನಿಯ ಟ್ರಂಪೆಟ್ಟೇ ಬೇಕು ಅಂದರೆ ಒಂದಕ್ಕೇ ಇದರ ಹಲವು ಪಟ್ಟು ಆಗತ್ತೆ.

ಈ 2 ಲಕ್ಷವನ್ನ 30 ಮಕ್ಕಳಿಗೆ ಹಂಚಿದರೆ ತಲೆಗೆ ಸುಮಾರು 6,700. ಸಮವಸ್ತ್ರ, ಟೋಪಿ, ಬೂಟು ಸೇರಿ 3,000. ಕೋಚ್‌ಗೆ ತಿಂಗಳಿಗೆ 10,000 ಅಂತ 10 ತಿಂಗಳು ಕೊಟ್ಟರೆ ತಲೆಗೆ ಸುಮಾರು 3,300. ಒಟ್ಟು 13,000. ಊರು ಬಿಟ್ಟು ಹೋಗೋ ಬಸ್ಸು, ಊಟ, ವಸತಿ ಇನ್ನೂ ಸೇರಿಲ್ಲ. ಎಷ್ಟೋ ಮನೆಗಳಲ್ಲಿ ಇದು ಒಂದು ತಿಂಗಳ ಸಂಬಳದ ಹತ್ತಿರ ಬರತ್ತೆ.

ಆದರೆ ಸ್ವಲ್ಪ ನಿಲ್ಲಿ. ಈ ಲೆಕ್ಕದಲ್ಲೇ ಒಂದು ತಪ್ಪಿದೆ. ಡ್ರಮ್ಮು ಏನು ಇಡ್ಲಿನಾ, ಇವತ್ತು ತಿಂದರೆ ಇವತ್ತೇ ಮುಗಿಯೋಕೆ? ಒಳ್ಳೆಯ ಡ್ರಮ್ಮು, ಒಳ್ಳೆಯ ಟ್ರಂಪೆಟ್ಟು ನೆಟ್ಟಗೆ ನೋಡಿಕೊಂಡರೆ 10 ವರ್ಷ ಬರತ್ತೆ. ಹರಿಯೋದು ಡ್ರಮ್ಮಿನ ಹೊದಿಕೆ, ಮುರಿಯೋದು ಕಡ್ಡಿ, ಕೆಡೋದು ಟ್ರಂಪೆಟ್ಟಿನ ವಾಲ್ವ್. 2 ಲಕ್ಷವನ್ನ 10 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 20,000. ರಿಪೇರಿಗೆ ಇನ್ನೊಂದು 10,000 ಸೇರಿಸಿ. 30 ಮಕ್ಕಳಿಗೆ ಭಾಗಿಸಿದರೆ ತಲೆಗೆ 1,000 ರೂಪಾಯಿ. ಆರು ಸಾವಿರದ ಏಳುನೂರು ಎಲ್ಲಿ, ಒಂದು ಸಾವಿರ ಎಲ್ಲಿ!

ಮೊದಲ ಬ್ಯಾಚಿನ ಅಪ್ಪ ಅಮ್ಮಂದಿರು ವಾದ್ಯದ ಪೂರ್ತಿ ದುಡ್ಡು ಕೊಟ್ಟಾಗಿದೆ ಅನ್ಕೊಳ್ಳಿ. ಹಾಗಿದ್ದರೆ ಎರಡನೇ ಬ್ಯಾಚಿಗೆ ಮತ್ತೆ "ವಾದ್ಯ ಶುಲ್ಕ" ಯಾಕೆ? ಮಗು ಶಾಲೆ ಬಿಟ್ಟು ಹೋಗುವಾಗ ಡ್ರಮ್ಮು ಮನೆಗೆ ಬರಲ್ಲ, ಶಾಲೆಯಲ್ಲೇ ಉಳಿಯತ್ತೆ. ಆಸ್ತಿ ಶಾಲೆಯದ್ದು, ಬಿಲ್ಲು ಅಪ್ಪನದ್ದು. ಹೀಗೆ ನಡೆಯುವ ಕಡೆಯೆಲ್ಲ ಪೋಷಕರು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಸಮವಸ್ತ್ರದ್ದೂ ಇದೇ ಕಥೆ. ಶಾಲೆಯೇ ಹೊಲಿಸಿ, ಬೀರುವಿನಲ್ಲಿಟ್ಟು, ಮೂರು ವರ್ಷ ಬಳಸಿದರೆ 3,000 ಅನ್ನೋದು 1,000 ಆಗತ್ತೆ. ಅಕ್ಕಪಕ್ಕದ ಮೂರು ಶಾಲೆ ಸೇರಿ ಒಬ್ಬ ಕೋಚ್ ಇಟ್ಟುಕೊಂಡರೆ 3,300 ಅನ್ನೋದು 1,100 ಆಗತ್ತೆ. ಕೂಡಿಸಿ ನೋಡಿ. 13,000 ಇದ್ದದ್ದು 3,100ಕ್ಕೆ ಇಳೀತು. ಮಕ್ಕಳು ಅವರೇ, ವಾದ್ಯ ಅದೇ, ನುಡಿಸೋ ಹಾಡೂ ಅದೇ.

ತೆರಿಗೆಯನ್ನೂ ಒಂದು ಕ್ಷಣ ನೋಡೋಣ. 2017ರಲ್ಲಿ ಜಿಎಸ್‌ಟಿ ಬಂದಾಗ ಸಂಗೀತ ವಾದ್ಯಗಳನ್ನ ಶೇ 28ರ ಪಟ್ಟಿಗೆ ಹಾಕಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ ಶೇ 18ಕ್ಕೆ ಇಳಿಸಿದರು. ಕೈಯಿಂದ ತಯಾರಿಸೋ ದೇಶೀ ವಾದ್ಯಗಳಿಗೆ ಮಾತ್ರ ತೆರಿಗೆ ವಿನಾಯಿತಿ ಸಿಕ್ತು. ಅಂದರೆ ಡೊಳ್ಳು ಬಾರಿಸೋ ಹುಡುಗನಿಗೆ ಸಿಕ್ಕ ರಿಯಾಯಿತಿ ಟ್ರಂಪೆಟ್ ಊದೋ ಹುಡುಗಿಗೆ ಸಿಗಲಿಲ್ಲ. ಡೊಳ್ಳಿಗೆ ಕೊಟ್ಟಿದ್ದು ಸರಿ. ಶಾಲೆಯ ಟ್ರಂಪೆಟ್ ಮಾಡಿದ ಪಾಪ ಏನು?

ಆದರೆ ಖರ್ಚು ಏರೋದಕ್ಕೆ ತೆರಿಗೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ಸ್ಪರ್ಧೆ. ಒಂದು ಶಾಲೆ ಹೊಸ ಸಮವಸ್ತ್ರ ಹೊಲಿಸತ್ತೆ. ಮುಂದಿನ ವರ್ಷ ಪಕ್ಕದ ಶಾಲೆಯೂ ಹೊಲಿಸತ್ತೆ. ಒಬ್ಬರು ಹೊರಗಿಂದ ಕೋಚ್ ಕರೆಸಿದರೆ ಇನ್ನೊಬ್ಬರು ಇಬ್ಬರನ್ನ ಕರೆಸ್ತಾರೆ. ಎಲ್ಲರೂ ಖರ್ಚು ಮಾಡಿದ ಮೇಲೂ ಮೊದಲ ಬಹುಮಾನ ಒಂದೇ. ಜಾತ್ರೆಯಲ್ಲಿ ಮುಂದಿನ ಸಾಲಿನವರು ತುದಿಗಾಲಲ್ಲಿ ನಿಂತರೆ ಹಿಂದಿನವರೂ ನಿಲ್ಲಬೇಕು. ಕೊನೆಗೆ ಯಾರಿಗೂ ಹೆಚ್ಚೇನೂ ಕಾಣಲ್ಲ, ಎಲ್ಲರಿಗೂ ಕಾಲು ನೋವು.

ಇದು ಎಲ್ಲಿಗೆ ಹೋಗಿ ಮುಟ್ಟತ್ತೆ ಅಂತ ನೋಡಬೇಕಾದರೆ ಅಮೆರಿಕದ ಕಡೆ ತಿರುಗಿ. ಅಲ್ಲಿ ಡ್ರಮ್ ಕೋರ್ ಅಂತ ಯುವಕರ ಪಥಸಂಚಲನ ಬ್ಯಾಂಡ್‌ಗಳಿವೆ. ಅವುಗಳ ಸ್ಪರ್ಧೆ ನಡೆಸೋ ಸಂಸ್ಥೆ 1971ರಲ್ಲಿ ಶುರುವಾಯ್ತು. ಹಿಂದಿನ ಕಾಲದಲ್ಲಿ ಇವು ಓಣಿಯ ಬ್ಯಾಂಡುಗಳು. ಚರ್ಚು, ನಿವೃತ್ತ ಸೈನಿಕರ ಸಂಘ, ಇಂಥವರು ಖರ್ಚು ನೋಡ್ಕೋತಿದ್ದರು. ಬೀದಿ ಹುಡುಗರು ಬಂದು ಬಾರಿಸ್ತಿದ್ದರು. ಆಮೇಲೆ ಸ್ಪರ್ಧೆ ಬೆಳೀತು, ನಿಯಮ ಸಡಿಲ ಆಯ್ತು. 2000ದಲ್ಲಿ ಬೇರೆ ಬೇರೆ ಶ್ರುತಿಯ ಊದುವ ವಾದ್ಯಗಳಿಗೆ ಅನುಮತಿ, 2004ರಲ್ಲಿ ಮೈಕು, ಆಮೇಲೆ ಎಲೆಕ್ಟ್ರಾನಿಕ್ ವಾದ್ಯ. ಒಂದೊಂದು ಅನುಮತಿ ಬಂದಾಗಲೂ ಒಂದೊಂದು ಲಾರಿ ಸಾಮಾನು ಜಾಸ್ತಿ. ಇವತ್ತು ದೊಡ್ಡ ತಂಡಗಳಲ್ಲಿ ಒಂದು ಬೇಸಿಗೆ ನುಡಿಸೋಕೆ ಒಬ್ಬ ಹುಡುಗ 5,000 ಡಾಲರ್ ಆಸುಪಾಸು ತಾನೇ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ 4 ಲಕ್ಷ ದಾಟತ್ತೆ. ಸಂಗೀತ ಅದ್ಭುತವಾಗಿದೆ, ಅನುಮಾನವೇ ಇಲ್ಲ. ಆದರೆ ಆ ಓಣಿಯ ಬಡ ಹುಡುಗ? ಅವನು ಗೇಟಿನ ಹೊರಗೆ.

ನಮ್ಮಲ್ಲಿ ಇನ್ನೂ ಅಷ್ಟು ದೂರ ಹೋಗಿಲ್ಲ. ಹಾಗಾಗಿ ಈಗಲೇ ಮಾತಾಡಬೇಕು. ನಮ್ಮ ದೇಶದಲ್ಲಿ ಶಿಕ್ಷಣ ಸಚಿವಾಲಯ, ರಕ್ಷಣಾ ಸಚಿವಾಲಯ ಸೇರಿ ಗಣರಾಜ್ಯೋತ್ಸವದ ಹೊತ್ತಿಗೆ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಸ್ತವೆ. ಹುಡುಗರ ಬ್ರಾಸ್ ಬ್ಯಾಂಡ್, ಹುಡುಗಿಯರ ಬ್ರಾಸ್ ಬ್ಯಾಂಡ್, ಹುಡುಗರ ಪೈಪ್ ಬ್ಯಾಂಡ್, ಹುಡುಗಿಯರ ಪೈಪ್ ಬ್ಯಾಂಡ್ ಅಂತ ನಾಲ್ಕು ವಿಭಾಗ. ಮೊದಲು ರಾಜ್ಯ, ಆಮೇಲೆ ವಲಯ, ಕೊನೆಗೆ ದೆಹಲಿ. ಒಳ್ಳೆಯ ವ್ಯವಸ್ಥೆ. 2025ರ ಜನವರಿಯ ಫೈನಲ್‌ನಲ್ಲಿ ಪ್ರತಿ ವಿಭಾಗದ ಮೊದಲ ಬಹುಮಾನ 21,000 ರೂಪಾಯಿ. 30 ಮಕ್ಕಳಿಗೆ ಹಂಚಿದರೆ ತಲೆಗೆ 700. ದೇಶಕ್ಕೇ ಮೊದಲು ಬಂದರೂ ಬೂಟಿನ ದುಡ್ಡು ಹುಟ್ಟೋದು ಕಷ್ಟ! ಬಹುಮಾನಕ್ಕೋಸ್ಕರ ಯಾರೂ ನುಡಿಸಲ್ಲ, ಒಪ್ಪಿದೆ. ಆದರೆ ಗೆದ್ದು ಖರ್ಚು ತುಂಬಿಕೊಳ್ತೀವಿ ಅನ್ನೋ ಮಾತಿಗೆ ಅರ್ಥ ಇಲ್ಲ ಅಂತಾಯ್ತು.

ಹಾಗಾದರೆ ದುಡ್ಡಿಲ್ಲದೆ ಬ್ಯಾಂಡ್ ಆಗಲ್ವಾ? ಆಗತ್ತೆ. 2025ರ ಗಣರಾಜ್ಯೋತ್ಸವದ ಪೆರೇಡ್‌ನಲ್ಲಿ, ಕರ್ತವ್ಯಪಥದಲ್ಲಿ ಜಾರ್ಖಂಡ್‌ನ ಪಟಮ್ದಾ ಅನ್ನೋ ಊರಿನ ಹುಡುಗಿಯರ ಪೈಪ್ ಬ್ಯಾಂಡ್ ನುಡಿಸಿತು. ಅವರದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ. ಹಿಂದುಳಿದ ಬಡ ಕುಟುಂಬಗಳ ಹೆಣ್ಣುಮಕ್ಕಳಿಗಾಗಿ ಸರ್ಕಾರ ನಡೆಸೋ ಉಚಿತ ವಸತಿ ಶಾಲೆ. ಆ ಮಕ್ಕಳು ಅಲ್ಲಿಗೆ ಹೋಗಿ ನುಡಿಸಿದ್ದು ಅಪ್ಪಂದಿರ ಜೇಬಿನ ಬಲದಿಂದ ಅಲ್ಲ. ಖರ್ಚು ಹೊರೋದಕ್ಕೆ ಸಂಸ್ಥೆ ಹೆಗಲು ಕೊಟ್ಟರೆ ಪ್ರತಿಭೆ ಎಲ್ಲಿಂದ ಬೇಕಾದರೂ ಬರತ್ತೆ.

ಖಾಸಗಿ ಶಾಲೆಯವರು ಕೇಳಬಹುದು: "ಸರ್, ನಾವೇನು ಸರ್ಕಾರವಾ? ಎಲ್ಲಿಂದ ತರೋಣ?" ನ್ಯಾಯವಾದ ಪ್ರಶ್ನೆ. ಉತ್ತರವೂ ಲೆಕ್ಕದಲ್ಲೇ ಇದೆ. ತಲೆಗೆ 3,100ರಂತೆ 30 ಮಕ್ಕಳಿಗೆ 93,000. ಶಾಲೆಯಲ್ಲಿ 600 ಮಕ್ಕಳಿದ್ದರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ 155 ರೂಪಾಯಿ. ತಿಂಗಳಿಗೆ 13 ರೂಪಾಯಿ. "ನನ್ನ ಮಗ ಬ್ಯಾಂಡಲ್ಲಿ ಇಲ್ಲ, ನಾನ್ಯಾಕೆ ಕೊಡಲಿ?" ಅಂತ ಕೇಳೋರಿಗೂ ಒಂದು ಮಾತು. ಲೈಬ್ರರಿಯ ಎಲ್ಲ ಪುಸ್ತಕವನ್ನೂ ನಿಮ್ಮ ಮಗನೇ ಓದ್ತಾನಾ? ಆಗಸ್ಟ್ 15ಕ್ಕೆ, ಜನವರಿ 26ಕ್ಕೆ, ಸ್ಪೋರ್ಟ್ಸ್ ಡೇಗೆ ಆ ಬ್ಯಾಂಡು ನುಡಿಸೋದು 30 ಮನೆಗಲ್ಲ, ಇಡೀ ಶಾಲೆಗೆ. ಎಲ್ಲರಿಗಾಗಿ ನುಡಿಸೋ ಬ್ಯಾಂಡಿನ ಖರ್ಚನ್ನ ನುಡಿಸೋ ಮಕ್ಕಳ ಅಪ್ಪಂದಿರೇ ಯಾಕೆ ಕೊಡಬೇಕು?

ಬೇರೆ ಕಲೆಗಳಿಗೂ ಬ್ಯಾಂಡಿಗೂ ಒಂದು ವ್ಯತ್ಯಾಸ ಇದೆ. ಭರತನಾಟ್ಯ, ವೀಣೆ, ಕೀಬೋರ್ಡ್ ಇವೆಲ್ಲ ಮನೆಯಲ್ಲಿ ದುಡ್ಡು ಕೊಟ್ಟು ಕಲಿಸೋ ವಿದ್ಯೆ. ಬ್ಯಾಂಡು ಹಾಗಲ್ಲ. ಅಲ್ಲಿ ಮ್ಯಾನೇಜರ್ ಮಗ ಮತ್ತೆ ಕಾಂಟ್ರ್ಯಾಕ್ಟ್ ಕೆಲಸಗಾರನ ಮಗಳು ಒಂದೇ ಬಟ್ಟೆ ಹಾಕಿ, ಒಂದೇ ಸಾಲಲ್ಲಿ, ಒಂದೇ ಹೆಜ್ಜೆ ಇಡ್ತಾರೆ. ಒಬ್ಬರ ಹೆಜ್ಜೆ ತಪ್ಪಿದರೆ ಇಡೀ ಸಾಲು ತಪ್ಪತ್ತೆ. ಬೆಲೆ ಕಟ್ಟಿ ಆ ಸಾಲಿಂದ ಬಡ ಮಗುವನ್ನ ಆಚೆ ಕಳಿಸಿದರೆ ಉಳಿಯೋದು ಬ್ಯಾಂಡಲ್ಲ, ಬರೀ ಸದ್ದು.

ಅದಕ್ಕೇ ಹೂಟಗಳ್ಳಿಯ, ಹೆಬ್ಬಾಳದ, ನಿಮ್ಮ ಊರಿನ ಪೋಷಕರಿಗೆ ಒಂದು ವಿನಂತಿ. ಮುಂದಿನ ಪೋಷಕರ ಸಭೆಯಲ್ಲಿ ಜಗಳ ಬೇಡ. ಮೂರೇ ಪ್ರಶ್ನೆ ಕೇಳಿ. ಈ ವಾದ್ಯಗಳನ್ನ ಯಾವ ವರ್ಷ ಕೊಂಡಿದ್ದು? ಆಗ ಯಾರು ದುಡ್ಡು ಕೊಟ್ಟರು? ದುಡ್ಡು ಕಟ್ಟೋಕಾಗದ ಮಗುವಿಗೆ ನಿಮ್ಮ ಬ್ಯಾಂಡಲ್ಲಿ ಜಾಗ ಇದೆಯಾ? ಮೊದಲ ಎರಡಕ್ಕೆ ಉತ್ತರ ಸಿಗದೇ ಇದ್ದರೂ ಪರವಾಗಿಲ್ಲ. ಮೂರನೆಯದಕ್ಕೆ ಉತ್ತರ ಸಿಗೋ ತನಕ ಕುರ್ಚಿ ಬಿಟ್ಟು ಏಳಬೇಡಿ.