ಗರಗಸದಿಂದ ಕೊಬ್ಬರಿಯವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಬಸ್ ನಿಲ್ದಾಣದ ಈ ಮೂರು ಬೋರ್ಡುಗಳಲ್ಲಿ ಮೊದಲ ಎರಡನ್ನು ಒಂದನೇ ತರಗತಿ ಮುಗಿಸಿದ ಮಗು ಸಾಮಾನ್ಯವಾಗಿ ತಡವರಿಸದೆ ಓದುತ್ತದೆ. ಗುಡಿಸು, ಕೊಂಬು, ಎತ್ವ ಬಂದರೆ ಸಾಕು, ಒಂದೂ ಒತ್ತಕ್ಷರವಿಲ್ಲ. ಮೂರನೆಯದು ಎರಡನೇ ಅಕ್ಷರಕ್ಕೇ ತಡೆಯುತ್ತದೆ. ‘ಚಿಕ’ ಎಂದು ಹೇಳಿಬಿಟ್ಟು, ಕೆಳಗಿನ ಒತ್ತು ಕಂಡು, ಹಿಂದೆ ಬಂದು ‘ಚಿಕ್ಕ’ ಎನ್ನಬೇಕು. ‘ಹಳ್ಳಿ’ಯಲ್ಲಿ ಮತ್ತೆ ಅದೇ ಪಾಡು. ಈ ಸೀಮೆಯ ಅನ್ನವಾದ ‘ಕೊಬ್ಬರಿ’ಯಲ್ಲೂ ಅದೇ. ಇನ್ನು ‘ಮಾರ್ಕೆಟ್’ ಎಂಬ ಪದವನ್ನು ನೋಡಿ: ಕಿವಿಗೆ ರಕಾರ ಮೊದಲು ಬೀಳುತ್ತದೆ, ಕಣ್ಣಿಗೆ ‘ಕೆ’ ಮೊದಲು, ಅರ್ಕಾವತ್ತು ಆಮೇಲೆ.

ಕನ್ನಡ ಓದುವುದು ಸುಲಭ, ಬರೆದಂತೆ ಓದಿದರಾಯಿತು ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ಕಲಿತವರಿಗೆ ಅದು ನಿಜ. ಕಲಿಯುವ ಮಗುವಿನ ಮುಂದಿರುವ ಲೆಕ್ಕ ಬೇರೆ. 34 ವ್ಯಂಜನಗಳಿಗೆ ತಲೆಕಟ್ಟಿನಿಂದ ವಿಸರ್ಗದವರೆಗೆ 15ರಂತೆ ಕಾಗುಣಿತ ಬರೆದರೆ 510 ರೂಪಗಳಾಗುತ್ತವೆ. ಒತ್ತಕ್ಷರಗಳು ಅದರ ಮೇಲೆ. ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ತೋರಿಸಿದರು: ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯಲ್ಲೂ ನಡೆಯುತ್ತಲೇ ಇರುತ್ತದೆ. ಹೀಗೆ ದೂರಕ್ಕೆ ಹರಡಿಕೊಂಡ ಬರಹಗಳ ಕೊನೆಯ ತುದಿಯಲ್ಲಿ ಚೀನಿ ಇದೆ. ಅಲ್ಲಿನ ಮಗು ಮೊದಲೆರಡು ವರ್ಷಗಳಲ್ಲಿ ಸುಮಾರು 1,600 ಲಿಪಿಚಿಹ್ನೆಗಳನ್ನು, ಆರನೇ ತರಗತಿ ಮುಗಿಯುವಷ್ಟರಲ್ಲಿ 3,000 ಚಿಹ್ನೆಗಳನ್ನು ಗುರುತಿಸಬೇಕು. 26 ಅಕ್ಷರಗಳ ಇಂಗ್ಲಿಷಿಗಿಂತ ಈ ವಿಷಯದಲ್ಲಿ ನಮ್ಮ ಮಕ್ಕಳು ಚೀನಾದ ಮಕ್ಕಳಿಗೇ ಹತ್ತಿರದವರು.

ಇಷ್ಟು ದೂರದ ದಾರಿಯನ್ನು ನಮ್ಮ ಹಿರಿಯರು ದಾಟಿಸುತ್ತಿದ್ದುದು ಕೈಯ ಮೂಲಕ. ಕೂಲಿಮಠದಲ್ಲಿ ಅಯ್ಯನವರು ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಬಾಯಲ್ಲಿ ಅಕ್ಷರದ ಹೆಸರು, ಬೆರಳಲ್ಲಿ ಅದರ ತಿರುವು. ಮರಳು ದಾಟಿದವರಿಗೆ ಓಲೆ, ಕಡತ. ಹುಣಸೆಬೀಜದ ಸರಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆದು, ಬೇಡವಾದಾಗ ಒರೆಸಿ, ಮತ್ತೆ ಬರೆಯಬಹುದು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಈ ಕಡತವನ್ನು ವಿವರಿಸಿದ್ದಾನೆ. ಮೊದಲು ತಿದ್ದು, ಆಮೇಲೆ ಓದು ಎಂಬ ಈ ಕ್ರಮ ಹಳೇ ಕಾಲದ ಹಟವೇನಲ್ಲ. ಚೀನಿ ಮಕ್ಕಳು ಇವತ್ತಿಗೂ ಚೌಕಳಿ ಪುಸ್ತಕದಲ್ಲಿ ಗೆರೆಗಳ ಕ್ರಮ ತಪ್ಪದೆ ತಿದ್ದುತ್ತಾರೆ. ಬರೆಯುವ ಕೈ ಪಳಗಿದ ಮಕ್ಕಳೇ ಚೀನಿಯನ್ನು ಚೆನ್ನಾಗಿ ಓದುತ್ತಾರೆಂದು 2005ರ ಒಂದು ಸಂಶೋಧನೆಯೂ ಹೇಳಿತು.

ಸರ್ಕಾರಿ ಶಾಲೆ ಹಳ್ಳಿಯ ಹತ್ತಿರಕ್ಕೆ ಬಂದದ್ದು ಬಿ.ಎಲ್. ರೈಸ್ ರೂಪಿಸಿದ 1868ರ ಹೋಬಳಿ ಶಾಲೆ ಯೋಜನೆಯಿಂದ. ಇದೇ ರೈಸ್ ಮುಂದೆ ನಮ್ಮ ಸೀಮೆಯ ಕಲ್ಲುಗಳನ್ನೂ ಓದಿದರು. ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಶಾಸನಗಳಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ 1904ರಲ್ಲಿ ಬಂತು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್‌ಗೆ ಮನೆಮಾತು ಇಂಗ್ಲಿಷ್. ಶಾಸನಗಳಲ್ಲಿ, ಇಂದಿನ ಚೀನಿ ಬರಹದಲ್ಲಿರುವಂತೆಯೇ, ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ಅಕ್ಷರ ಗುರುತಿಸಲು ಕಣ್ಣು ಸಾಕು, ಪದ ಎಲ್ಲಿ ಮುಗಿಯಿತೆಂದು ತಿಳಿಯಲು ಭಾಷೆ ಒಳಗಿರಬೇಕು. ಆ ಕೆಲಸಕ್ಕೆ ರೈಸ್ ಪಕ್ಕದಲ್ಲಿ ಕನ್ನಡ ಪಂಡಿತರಿದ್ದರು. ಆರ್. ನರಸಿಂಹಾಚಾರ್ಯರು ಅವರ ಸಹಾಯಕರಾಗಿದ್ದು, ನಂತರ ಮೈಸೂರಿನ ಪುರಾತತ್ವ ಇಲಾಖೆಯನ್ನು ನಡೆಸಿದರು.

ಶಾಲೆಯ ಓದಿನಲ್ಲಿ ಇತ್ತೀಚಿನ ದೊಡ್ಡ ಬದಲಾವಣೆ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿ ನೋಡಿಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದನ್ನು ಶುರುಮಾಡಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಕಡೆಯ ಸರ್ಕಾರಿ ಶಾಲೆಗಳಿಗೆ ಬಂತು. ‘ಅ, ಆ, ಇ, ಈ’ ಸರಣಿಯನ್ನು ಅದು ಬದಿಗಿಟ್ಟಿತು. ಇಲ್ಲಿ ಮಗು ಒಂದೊಂದೇ ಕಾರ್ಡು ಮುಗಿಸುತ್ತ ಕಲಿಕಾ ಏಣಿ ಹತ್ತುತ್ತದೆ. ಮೊದಲು ಕೈಗೆ ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದೇ ಅಕ್ಷರಗಳಲ್ಲಿ ಸರ, ಅರಸ, ದಸರ, ಗರಗಸ ಎಲ್ಲವೂ ಸಿಗುತ್ತವೆ. ಕೂಲಿಮಠದ ಮಗು ತಿಂಗಳುಗಟ್ಟಲೆ ತಿದ್ದಿದರೂ ಕಾಣದ ಪದವನ್ನು ಈ ಮಗು ಕೆಲವೇ ವಾರಗಳಲ್ಲಿ ಓದುತ್ತದೆ. ‘ಗ-ರ-ಗ-ಸ’ ಎಂದು ಒಂದೊಂದೇ ಅಕ್ಷರ ಹೇಳಿ, ಒಂದು ಗಳಿಗೆ ಸುಮ್ಮನಿದ್ದು, ‘ಗರಗಸ!’ ಎಂದು ಕೂಗುವ ಮಗುವಿನ ಮುಖ ನೋಡಿದವರಿಗೆ ಈ ಬದಲಾವಣೆಯ ಬೆಲೆ ಗೊತ್ತು.

ಆದರೆ ಆ ಕೂಗು ಬರುವುದು ಗರಗಸ ಎಂಬ ಮಾತು ಮೊದಲೇ ಕಿವಿಯಲ್ಲಿದ್ದರೆ ಮಾತ್ರ. ಉರ್ದು ಮನೆಮಾತಿನ ಮಗು, ತಾಂಡಾದಿಂದ ಬರುವ ಲಂಬಾಣಿ ಮಗು ಅದೇ ಕಾರ್ಡು ಹಿಡಿದು ಅದೇ ನಾಲ್ಕು ಅಕ್ಷರಗಳನ್ನು ತಪ್ಪಿಲ್ಲದೆ ಹೇಳಿ ಮುಂದಿನ ಕಾರ್ಡಿಗೆ ಹೋಗಿಬಿಡಬಹುದು. ಓದಿದ್ದು ಅರ್ಥವಾಯಿತೇ ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಉಚ್ಚಾರ ಸರಿಯಾಗಿದೆ. ಚೀನಿಯನ್ನು ಹೊರಗಿನವರಾಗಿ ಕಲಿಯುವವರ ಪೇಚು ಇದಕ್ಕೆ ತಿರುಗುಮುರುಗು: ಚಿಹ್ನೆಯ ಅರ್ಥ ನೆನಪಿರುತ್ತದೆ, ಉಚ್ಚಾರ ಮರೆತಿರುತ್ತದೆ, ಹಾಗಾಗಿ ಎಡವಿದ್ದು ಕೂಡಲೇ ಬಯಲಾಗುತ್ತದೆ. ನಮ್ಮ ಲಿಪಿಯ ಅಚ್ಚುಕಟ್ಟುತನವೇ ಈ ಮಕ್ಕಳ ಕಷ್ಟವನ್ನು ಮುಚ್ಚಿಡುತ್ತದೆ. ಚೀನಾದಲ್ಲೂ ಕ್ಯಾಂಟನೀಸ್‌ನಂಥ ಮನೆಮಾತಿನಿಂದ ಬರುವ ಮಕ್ಕಳಿದ್ದಾರೆ. 1958ರಲ್ಲಿ ಒಪ್ಪಿತವಾದ ಪಿನ್‌ಯಿನ್ ಎಂಬ ರೋಮನ್ ಬರಹ ಅವರಿಗೆ ಶಾಲೆಯ ಮಾತಿನ ಉಚ್ಚಾರವನ್ನೂ ಕಲಿಸುತ್ತದೆ. ನಮ್ಮಲ್ಲಿ ಅಂಥ ಊರುಗೋಲು ಬೇಕಿಲ್ಲ, ಮಾತು ಬೇಕು. ಕಾರ್ಡಿಗೆ ಮೊದಲು ಗರಗಸವನ್ನು ತೋರಿಸಿ, ಮರ ಕೊಯ್ಯುವ ಸದ್ದು ಮಾಡಿಸಿ, ಕಥೆ ಹೇಳಿಸುವ ಶಿಕ್ಷಕರು ಇದನ್ನು ಯಾರೂ ಹೇಳಿಕೊಡದೆ ಅರಿತಿದ್ದಾರೆ.

ನಾಲ್ಕನೇ ತರಗತಿಗೆ ಕಾರ್ಡು, ಕಲಿಕಾ ಏಣಿ ಎರಡೂ ಮುಗಿದು ಪಠ್ಯಪುಸ್ತಕ ಬರುತ್ತದೆ. ‘ಸ್ವಾತಂತ್ರ್ಯ’ದಲ್ಲಿ ಒಂದು ತಕಾರಕ್ಕೆ ರ, ಯ ಎರಡು ಒತ್ತು. ಅಕ್ಷರ ಕಲಿತು ಮುಗಿಯುವ ಮೊದಲೇ ಓದಿ ಕಲಿಯುವ ಪಾಠ ಶುರುವಾಗಿಬಿಡುತ್ತದೆ, ಅಲ್ಲಿ ನಿಂತ ಮಗುವಿಗೆ ‘ದಡ್ಡ’ ಎಂಬ ಹೆಸರೂ ಬೀಳುತ್ತದೆ. ಆ ವರ್ಷದ ವೇಳಾಪಟ್ಟಿಯಲ್ಲೂ ದಿನಕ್ಕೆ ಅರ್ಧ ಗಂಟೆ ಒತ್ತಕ್ಷರಕ್ಕೆ ಇರಲಿ. ಮನೆಮಾತು ಬೇರೆಯಾದ ಮಕ್ಕಳಿಗೆ ಆ ಅರ್ಧ ಗಂಟೆಯ ಮೊದಲ ಪಾಲು ಬರೀ ಕನ್ನಡದ ಮಾತುಕತೆಗೆ ಮೀಸಲಾಗಲಿ.