ಆಕಾಶಕ್ಕೆ ತೂತು ಬಿದ್ದ ಸುದ್ದಿ



ಹಿಟ್ಟನ್ನು ಜರಡಿ ಹಿಡಿಯುತ್ತೀರಿ ಅಲ್ಲವೇ? ನಯವಾದ ಹಿಟ್ಟು ಕೆಳಗೆ ಬೀಳುತ್ತದೆ. ತರಿ, ಕಸ ಮೇಲೆ ನಿಲ್ಲುತ್ತದೆ. ನಮ್ಮ ತಲೆಯ ಮೇಲೂ ಅಂಥದೊಂದು ಜರಡಿ ಇದೆ. ಅದು ಬಿಸಿಲನ್ನು ಸೋಸುತ್ತದೆ.

ಬಿಸಿಲಲ್ಲಿ ಬೆಳಕಿದೆ, ಶಾಖ ಇದೆ. ಜೊತೆಗೆ ಕಣ್ಣಿಗೆ ಕಾಣದ ಕಿರಣಗಳೂ ಇವೆ. ಅವಕ್ಕೆ ಅತಿನೇರಳೆ ಕಿರಣ ಎಂದು ಹೆಸರು. ಅವು ಮೈಮೇಲೆ ಹೆಚ್ಚಾಗಿ ಬಿದ್ದರೆ ಚರ್ಮದ ಕ್ಯಾನ್ಸರ್ ಬರಬಹುದು. ಕಣ್ಣಿಗೆ ಪೊರೆ ಬರಬಹುದು. ಬೆಳೆಗೂ ಪೆಟ್ಟು. ಇವುಗಳಲ್ಲಿ ತುಂಬಾ ಕೆಟ್ಟ ಕಿರಣಗಳನ್ನು ತಡೆಯುವುದು ಓಜೋನ್ ಎಂಬ ಅನಿಲ. ಅನಿಲ ಅಂದರೆ ಗ್ಯಾಸ್.

ಈ ಓಜೋನ್ ಹೆಚ್ಚಾಗಿ ಇರುವುದು ನೆಲದಿಂದ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ. ಅದನ್ನೆಲ್ಲ ಕೆಳಗೆ ತಂದು ನೆಲದ ಮೇಲೆ ಹರಡಿದರೆ ಎಷ್ಟು ದಪ್ಪ ಆದೀತು? ಬರೀ 3 ಮಿಲಿಮೀಟರ್! ಎರಡು ರಾಗಿ ಕಾಳು ಒಂದರ ಮೇಲೊಂದು ಇಟ್ಟಷ್ಟು. ಅಷ್ಟೇ.

ಈ ಜರಡಿ ಸವೆಯುತ್ತಿದೆ ಎಂದು ಗೊತ್ತಾಗಿದ್ದು ಎಲ್ಲಿ? ಭೂಮಿಯ ದಕ್ಷಿಣ ತುದಿಯಲ್ಲಿ. ಅಲ್ಲಿ ಅಂಟಾರ್ಕ್ಟಿಕಾ ಎಂಬ ಖಂಡ ಇದೆ. ಅಲ್ಲೆಲ್ಲ ಮಂಜುಗಡ್ಡೆ. ಊರಿಲ್ಲ, ಹೊಲವಿಲ್ಲ. ಹಲವು ದೇಶಗಳ ವಿಜ್ಞಾನಿಗಳು ಅಲ್ಲಿ ಮನೆ ಕಟ್ಟಿಕೊಂಡು ಕೆಲಸ ಮಾಡುತ್ತಾರೆ. ಬ್ರಿಟನ್ ದೇಶದವರ ಅಂಥ ಒಂದು ಠಾಣೆ ಹ್ಯಾಲಿ. ಅಲ್ಲಿ ಚಳಿಗಾಲದಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಸೂರ್ಯನೇ ಮೂಡುವುದಿಲ್ಲ. ಇಂಥ ಜಾಗದಲ್ಲಿ 1950ರ ದಶಕದಿಂದಲೂ ಅವರು ಓಜೋನ್ ಅಳೆದರು. ಅಳೆದದ್ದನ್ನು ಕೈಯಲ್ಲಿ ಬರೆದಿಟ್ಟರು. ಹಾಳೆಗಳು ರಾಶಿ ಬಿದ್ದವು.

ಜೊನಾಥನ್ ಶ್ಯಾಂಕ್ಲಿನ್ ಎಂಬ ಹುಡುಗ 1977ರಲ್ಲಿ ಆ ಸಂಸ್ಥೆಗೆ ಕೆಲಸಕ್ಕೆ ಸೇರಿದ. ಹಳೆಯ ಹಾಳೆಗಳ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವುದು ಅವನ ಕೆಲಸ. ಒಮ್ಮೆ ಸಂಸ್ಥೆಯವರು ಕೇಂಬ್ರಿಡ್ಜಿನಲ್ಲಿ ಊರ ಜನರನ್ನು ಕರೆದು ತಮ್ಮ ಕೆಲಸ ತೋರಿಸಬೇಕೆಂದಿದ್ದರು. ಆ ಹೊತ್ತಿಗೆ ಸಿ.ಎಫ್.ಸಿ. ಎಂಬ ಅನಿಲದ ಬಗ್ಗೆ ಜನರಿಗೆ ಭಯ ಇತ್ತು. ಫ್ರಿಜ್ಜಿನಲ್ಲಿ, ಸ್ಪ್ರೇ ಡಬ್ಬಿಯಲ್ಲಿ ಇದ್ದದ್ದು ಇದೇ ಅನಿಲ. ಇದು ಮೇಲೆ ಹೋಗಿ ಓಜೋನನ್ನು ತಿಂದುಹಾಕುತ್ತದೆ ಎಂದು ಮೊಲಿನಾ, ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲೇ ಹೇಳಿದ್ದರು. ತಯಾರಿಸುವ ಕಂಪನಿಗಳು 'ಸಾಕ್ಷಿ ಎಲ್ಲಿ?' ಅಂದಿದ್ದವು.

ಶ್ಯಾಂಕ್ಲಿನ್‌ಗೂ ಆ ಭಯ ಸುಳ್ಳು ಅನ್ನಿಸಿತ್ತು. ಜನಕ್ಕೆ ಧೈರ್ಯ ಹೇಳೋಣ ಎಂದು ಹಳೆಯ ಲೆಕ್ಕ, ಹೊಸ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದ. ನೋಡಿದರೆ ಎಲ್ಲ ತಿರುಗುಮುರುಗು! ಪ್ರತಿವರ್ಷ ಚಳಿಗಾಲ ಮುಗಿದ ಮೇಲೆ ಓಜೋನ್ ಕಡಿಮೆಯಾಗುತ್ತಿತ್ತು. ಅಲ್ಲಿ ಚಳಿಗಾಲ ಮುಗಿಯುವುದು ನಮ್ಮ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೊದಲು ಅಕ್ಟೋಬರಿನಲ್ಲಿ 3 ಮಿಲಿಮೀಟರ್ ಇದ್ದದ್ದು 1984ರ ಹೊತ್ತಿಗೆ ಸುಮಾರು 2ಕ್ಕೆ ಇಳಿದಿತ್ತು. ಜನರಿಗೆ ತಿಳಿಸಲು ಹೋಗಿ ತಾನೇ ತಿಳಿದುಕೊಂಡ. ಪಾಠ ಹೇಳುವವರಿಗೆ ಹೀಗೂ ಆಗುತ್ತೆ. ನನಗೂ ಎಷ್ಟೋ ಸಲ ಆಗಿದೆ.

ಅವನ ಹಿರಿಯ ಜೋ ಫಾರ್ಮನ್, ಜೊತೆಗಾರ ಬ್ರಯಾನ್ ಗಾರ್ಡಿನರ್ ಮತ್ತು ಅವನು ಸೇರಿ 1985ರ ಮೇ ತಿಂಗಳಲ್ಲಿ ಇದನ್ನು ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಬರೀ ಅಂಕಿಯ ಬರಹ. ಅದನ್ನು ಎಷ್ಟು ಜನ ಓದಿಯಾರು? ಆಮೇಲೆ ಅಮೆರಿಕದ ಉಪಗ್ರಹ ಮೇಲಿನಿಂದ ಅಳೆದದ್ದನ್ನು ಬಣ್ಣದ ನಕ್ಷೆ ಮಾಡಿದರು. ಅಂಟಾರ್ಕ್ಟಿಕಾದ ನಡುಮಧ್ಯೆ ದೊಡ್ಡ ಕಲೆ ಕಂಡಿತು. 'ಓಜೋನ್ ತೂತು' ಎಂದು ಹೆಸರಾಯಿತು. ನಿಜ ಹೇಳಬೇಕೆಂದರೆ ಅದು ತೂತಲ್ಲ. ಬಟ್ಟೆ ಸವೆದು ತೆಳ್ಳಗಾದ ಹಾಗೆ, ಅಷ್ಟೇ. ಆದರೂ ಆ ಮಾತು ಒಳ್ಳೆಯ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. ಶೇಕಡಾ ಲೆಕ್ಕ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಸೂರಿಗೆ ತೂತು ಬಿದ್ದಿದೆ ಅಂದರೆ ಎದ್ದು ಕೂರುತ್ತಾರೆ. ದೊಡ್ಡವರೂ ಹಾಗೆಯೇ.

ಕಂಪನಿಗಳು ಕೇಳಿದ ಸಾಕ್ಷಿ ಇನ್ನೂ ಬೇಕಿತ್ತು. ಅದಕ್ಕೆ 1986ರಲ್ಲಿ ಒಂದು ತಂಡ ಅಂಟಾರ್ಕ್ಟಿಕಾಕ್ಕೆ ಹೋಯಿತು. ತಂಡದ ಮುಖ್ಯಸ್ಥೆ ಒಬ್ಬ ಹೆಣ್ಣುಮಗಳು, ಅಮೆರಿಕದ ಸೂಸನ್ ಸಾಲೊಮನ್. ಆಗ ಆಕೆಗೆ ವಯಸ್ಸು 30. ಅಲ್ಲಿನ ಘೋರ ಚಳಿಗೆ ತುಂಬಾ ಎತ್ತರದಲ್ಲಿ ಒಂದು ಬಗೆಯ ಮೋಡ ಕಟ್ಟುತ್ತದೆ. ಆ ಮೋಡದ ಮೇಲೆ ಸಿ.ಎಫ್.ಸಿ.ಯಿಂದ ಬಂದ ಕ್ಲೋರಿನ್ ಚುರುಕಾಗುತ್ತದೆ. ಸೂರ್ಯ ಮೂಡಿದ ಕೂಡಲೇ ಓಜೋನನ್ನು ತಿನ್ನಲು ಶುರು ಮಾಡುತ್ತದೆ. ಹೀಗೆ ಆಕೆ ವಿವರಿಸಿದ್ದಳು. ಅಲ್ಲಿ ಅಳೆದು ನೋಡಿದಾಗ ಆ ಮಾತಿಗೆ ಬಲ ಬಂತು.

ಇನ್ನು ಸರ್ಕಾರಗಳ ಮಾತು. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ 24 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಸಿ.ಎಫ್.ಸಿ. ತಯಾರಿಕೆ ಕಡಿಮೆ ಮಾಡುತ್ತೇವೆ ಎಂದವು. ನಮ್ಮ ದೇಶ ಕೂಡಲೇ ಸೇರಲಿಲ್ಲ. ಯಾಕೆ? ಅನಿಲವನ್ನು ಹೆಚ್ಚಾಗಿ ಬಿಟ್ಟವರು ಶ್ರೀಮಂತ ದೇಶದವರು. ಹೊಸ ಬಗೆಯ ಅನಿಲ, ಹೊಸ ಯಂತ್ರಕ್ಕೆ ದುಡ್ಡು ಬೇಕು. ಆ ದುಡ್ಡು ಯಾರು ಕೊಡಬೇಕು? ಮಂತ್ರಿಯಾಗಿದ್ದ ಮನೇಕಾ ಗಾಂಧಿ 1990ರಲ್ಲಿ ಲಂಡನ್ ಸಭೆಯಲ್ಲಿ ಇದೇ ವಾದ ಹೂಡಿದರು. ನ್ಯಾಯವಾದ ಮಾತೇ ಅಲ್ಲವೇ? ಬಡ ದೇಶಗಳಿಗೆ ನೆರವಾಗಲು ನಿಧಿ ಮಾಡಲು ಒಪ್ಪಿಗೆಯಾಯಿತು. 1992ರಲ್ಲಿ ಭಾರತವೂ ಸೇರಿತು. 2010ರ ಹೊತ್ತಿಗೆ ನಮ್ಮಲ್ಲೂ ಫ್ರಿಜ್ಜಿಗೆ ಈ ಅನಿಲ ತಯಾರಿಸುವುದು ನಿಂತಿತು. ಈಗ ಲೋಕದ ಎಲ್ಲ ದೇಶಗಳೂ ಈ ಒಪ್ಪಂದದಲ್ಲಿವೆ.

ಅಂಟಾರ್ಕ್ಟಿಕಾಕ್ಕೆ ಹತ್ತಿರವಿರುವ ಊರಿನವರು ಏನು ಮಾಡಿದರು? ಚಿಲಿ ದೇಶದಲ್ಲಿ ಪುಂಟಾ ಅರೇನಾಸ್ ಎಂಬ ಪಟ್ಟಣ ಇದೆ. ತೂತು ಕೆಲವೊಮ್ಮೆ ಆ ಊರಿನ ಮೇಲೂ ಬರುತ್ತದೆ. ಅಲ್ಲಿ ದಿನದ ಬಿಸಿಲು ಎಷ್ಟು ಅಪಾಯ ಎಂದು ಬಣ್ಣದ ಗುರುತಿನಿಂದ ತಿಳಿಸುವ ಏರ್ಪಾಡು ಮಾಡಿದರು. ಪೇಟೆಯ ರಸ್ತೆಯ ದೀಪದ ಹಾಗೆ. ಹಸಿರಿದ್ದರೆ ಭಯವಿಲ್ಲ. ಕೆಂಪಿದ್ದರೆ ಹುಷಾರು. ಓದು ಬಾರದವರಿಗೂ ತಿಳಿಯುತ್ತದೆ, ಪುಟ್ಟ ಮಕ್ಕಳಿಗೂ ತಿಳಿಯುತ್ತದೆ.

ತೂತು ಮುಚ್ಚಿತೇ? ಇನ್ನೂ ಇಲ್ಲ. ಮೇಲೆ ಹೋದ ಸಿ.ಎಫ್.ಸಿ. ಹತ್ತಾರು ವರ್ಷ ಅಲ್ಲೇ ಇರುತ್ತದೆ. ಈಗಲೂ ಪ್ರತಿವರ್ಷ ಆ ಕಾಲಕ್ಕೆ ತೂತು ಕಾಣಿಸಿಕೊಳ್ಳುತ್ತದೆ. ಆದರೆ ನಿಧಾನವಾಗಿ ವಾಸಿಯಾಗುತ್ತಿದೆ. ಒಪ್ಪಂದವನ್ನು ಹೀಗೇ ಪಾಲಿಸಿದರೆ ಸುಮಾರು 2066ರ ಹೊತ್ತಿಗೆ ಅಂಟಾರ್ಕ್ಟಿಕಾದ ಮೇಲೆ ಓಜೋನ್ 1980ರಲ್ಲಿ ಇದ್ದಷ್ಟೇ ಆದೀತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಈಗ ತೊಟ್ಟಿಲಲ್ಲಿರುವ ಮಗುವಿಗೆ ಆಗ ಸುಮಾರು ನಲವತ್ತು ವರ್ಷ.