ಪಿಯು ಕಂಪ್ಯೂಟರ್ ಸೈನ್ಸ್: ಊರೊಳಗಿನ ನಂಬಿಕೆ, ಪಠ್ಯದೊಳಗಿನ ಸತ್ಯ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹಿರೇಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ: ಪಿಸಿಎಂಬಿಯೋ, ಪಿಸಿಎಂಸಿಯೋ? ಕಾಮರ್ಸ್ ಕಡೆ ಹೊರಟವರಿಗೂ ಸಿಇಬಿಎ ತೆಗೆದುಕೊಳ್ಳುವುದೋ ಬೇಡವೋ ಎಂಬ ಗೊಂದಲ. ಕಂಪ್ಯೂಟರ್ ಸೈನ್ಸ್ ಎಂಬ ಹೆಸರು ಬಂತೆಂದರೆ ಸಲಹೆ ಕೊಡುವವರಿಗೆ ಬರವಿಲ್ಲ. ಆ ಸಲಹೆಗಳಲ್ಲಿ ಅರ್ಧಕ್ಕರ್ಧ ಹಳೆಯವು, ಕೆಲವು ಪೂರ್ತಿ ತಪ್ಪು. ಅವನ್ನು ನಂಬಿ ಒಳ್ಳೆಯ ಮಕ್ಕಳು ವಿಷಯವನ್ನೇ ಬಿಟ್ಟುಬಿಡುತ್ತಾರೆ, ಇಲ್ಲವೇ ತೆಗೆದುಕೊಂಡು ತಪ್ಪು ದಾರಿಯಲ್ಲಿ ಓದುತ್ತಾರೆ.

ಎಲ್ಲರ ಬಾಯಲ್ಲಿ ಮೊದಲು ಬರುವ ಮಾತು ಇದು: ‘ಮನ್ಯಾಗ ಕಂಪ್ಯೂಟರ್ ಇಲ್ಲ, ಸಿಎಸ್ ತಗೊಂಡು ಏನ್ ಮಾಡ್ತಿ?’

ದ್ವಿತೀಯ ಪಿಯು ಸಿಎಸ್‌ನ 100 ಅಂಕಗಳಲ್ಲಿ 70 ಅಂಕ ಲಿಖಿತ ಪರೀಕ್ಷೆಗೆ, 30 ಅಂಕ ಪ್ರಾಯೋಗಿಕ ಪರೀಕ್ಷೆಗೆ. ಆ 70 ಅಂಕಗಳಿಗೆ ಮುಂದಿರುವುದು ಕಾಗದ, ಕೈಯಲ್ಲಿರುವುದು ಪೆನ್ನು. ಪ್ರೋಗ್ರಾಮಿನ ಪ್ರತಿ ಸಾಲನ್ನು ಯಂತ್ರ ಹೇಗೆ ನಡೆಸುತ್ತದೆ, ಯಾವ ಹೆಜ್ಜೆಯಲ್ಲಿ ಯಾವ ಬೆಲೆ ಬದಲಾಗುತ್ತದೆ ಎಂದು ಕೈಯಲ್ಲೇ ಬರೆದು ನೋಡುವುದು ಈ ವಿಷಯದ ಜೀವಾಳ. ಅದಕ್ಕೆ ಲ್ಯಾಪ್‌ಟಾಪ್ ಬೇಕಿಲ್ಲ. ಹಾಗೆಂದು ಲ್ಯಾಬ್ ತಪ್ಪಿಸಬಹುದು ಎಂದಲ್ಲ. ಪ್ರೋಗ್ರಾಂ ಬರೆದು ಓಡಿಸಿ ತೋರಿಸುವ 30 ಅಂಕ ಅಲ್ಲಿಯೇ ಇದೆ. ಮನೆಯಲ್ಲಿ ಯಂತ್ರವಿಲ್ಲದ ಮಗುವಿಗೆ ಕಾಲೇಜಿನ ಲ್ಯಾಬ್ ಅವಧಿಯೊಂದೇ ಆಸರೆ. ಬಸ್ಸಿನ ಹೊತ್ತಿಗಾಗಿ ಆ ಅವಧಿ ಬಿಟ್ಟು ಬರುವುದು ದೊಡ್ಡ ನಷ್ಟ. ಈಗಿನ ಪಠ್ಯದ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನನ್ನು ಆಂಡ್ರಾಯ್ಡ್ ಫೋನಿನಲ್ಲಿ ಓಡಿಸುವ ಉಚಿತ ಆ್ಯಪ್‌ಗಳೂ ಇವೆ. ಆದರೆ ಕ್ರಮ ಹೀಗಿರಲಿ: ಮೊದಲು ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಬೇಕು, ಆಮೇಲೆ ಫೋನಿನಲ್ಲಿ ಓಡಿಸಿ ಸರಿಯೋ ತಪ್ಪೋ ನೋಡಬೇಕು. ಇದನ್ನು ತಿರುವುಮುರುವು ಮಾಡಿದವರಿಗೆ ಪರೀಕ್ಷಾ ಕೊಠಡಿಯಲ್ಲಿ ಕೈ ಕಟ್ಟುತ್ತದೆ.

ಕಾಗದದ ಮೇಲಿನ ಪೈಥಾನಿಗೆ ಇನ್ನೊಂದು ಸೂಕ್ಷ್ಮವಿದೆ. ಈ ಭಾಷೆಯಲ್ಲಿ ಸಾಲಿನ ಎಡಕ್ಕೆ ಬಿಡುವ ಜಾಗವೂ ವ್ಯಾಕರಣವೇ. ಪ್ರಿಂಟ್ ಎಂಬ ಸಾಲು ಲೂಪಿನೊಳಗೆ ಸರಿದು ನಿಂತರೆ ಲೂಪ್ ಸುತ್ತಿದಷ್ಟು ಸಲವೂ ಮುದ್ರಣವಾಗುತ್ತದೆ. ಹೊರಗೆ ಬಂದರೆ ಕೊನೆಯಲ್ಲಿ ಒಂದೇ ಸಲ. ಯಂತ್ರದಲ್ಲಿ ಎಡಿಟರ್ ಆ ಜಾಗವನ್ನು ತಾನೇ ಬಿಟ್ಟುಕೊಡುತ್ತದೆ, ಉತ್ತರ ಪತ್ರಿಕೆ ಕೊಡುವುದಿಲ್ಲ. ಹಾಗೆಯೇ ರೇಂಜ್‌ಗೆ 1 ಮತ್ತು 5 ಕೊಟ್ಟರೆ ಸಿಗುವುದು 1, 2, 3, 4 ಮಾತ್ರ. 5 ಬರುವುದಿಲ್ಲ.

‘ಹತ್ತು ಪ್ರೋಗ್ರಾಂ ಬಾಯಿಪಾಠ ಮಾಡಿದ್ರ ಪಾಸು’ ಎಂಬುದು ಎರಡನೆಯ ನಂಬಿಕೆ. ಎಲ್ಲಕ್ಕಿಂತ ಹೆಚ್ಚು ಅಂಕ ನುಂಗುವುದೂ ಇದೇ. ಒಂದು ಉದಾಹರಣೆಯಿಂದ ನೋಡೋಣ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆಯಿರುವುದು ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಐದು ಬುಟ್ಟಿ ಹೂವಿನ ತೂಕ 40, 25, 60, 10, 35 ಎಂದಿಟ್ಟುಕೊಳ್ಳಿ. ಬಬಲ್ ಸಾರ್ಟ್‌ನಲ್ಲಿ ಪಕ್ಕಪಕ್ಕದ ಎರಡನ್ನು ಹೋಲಿಸುತ್ತ, ಎಡಗಡೆಯದು ದೊಡ್ಡದಾದರೆ ಅದಲುಬದಲು ಮಾಡುತ್ತ ಹೋಗಬೇಕು. ಮೊದಲ ಸುತ್ತು ಮುಗಿದಾಗ ಪಟ್ಟಿ 25, 40, 10, 35, 60 ಆಗಿರುತ್ತದೆ. ಅತಿ ದೊಡ್ಡ ತೂಕ ತನ್ನ ಜಾಗ ಸೇರಿದೆ, ಉಳಿದವು ಇನ್ನೂ ಸೇರಿಲ್ಲ. ಎರಡನೆಯ ಸುತ್ತಿಗೆ 25, 10, 35, 40, 60; ಮೂರನೆಯದಕ್ಕೆ 10, 25, 35, 40, 60.

ಅದೇ ಬುಟ್ಟಿಗಳಿಗೆ ಸೆಲೆಕ್ಷನ್ ಸಾರ್ಟ್ ಹಾಕಿ. ಇಲ್ಲಿ ಇಡೀ ಪಟ್ಟಿಯಲ್ಲಿ ಅತಿ ಚಿಕ್ಕದನ್ನು ಹುಡುಕಿ ಮೊದಲ ಜಾಗದ ಸಂಖ್ಯೆಯೊಂದಿಗೆ ಅದಲುಬದಲು ಮಾಡಬೇಕು. ಮೊದಲ ಸುತ್ತಿನ ಕೊನೆಗೆ ಸಿಗುವುದು 10, 25, 60, 40, 35. ಎರಡೂ ವಿಧಾನಗಳ ಕೊನೆಯ ಉತ್ತರ ಒಂದೇ, ನಡುವಿನ ಸುತ್ತುಗಳು ಬೇರೆ. ಪ್ರಶ್ನೆಯಲ್ಲಿ ಸುತ್ತುಗಳನ್ನು ತೋರಿಸಿ ಎಂದಾಗ ಬಾಯಿಪಾಠದವರು ಬರೀ ಕೊನೆಯ ಸಾಲು ಬರೆದು ಕೂರುತ್ತಾರೆ, ಇಲ್ಲವೇ ಒಂದರ ಸುತ್ತನ್ನು ಇನ್ನೊಂದಕ್ಕೆ ಅಂಟಿಸುತ್ತಾರೆ. ಸಂಖ್ಯೆಗಳು ಬದಲಾದರಂತೂ ಕಥೆ ಅಲ್ಲಿಗೇ ನಿಲ್ಲುತ್ತದೆ. ದಿನಕ್ಕೊಂದು ಹೊಸ ಪಟ್ಟಿ ತಾನೇ ಬರೆದುಕೊಂಡು ಹೀಗೆ ಬಿಡಿಸುವ ಹುಡುಗಿಗೆ ಯಾವ ಪಟ್ಟಿ ಬಂದರೂ ಹೆದರಿಕೆಯಿಲ್ಲ.

ಬೈನರಿ ಸರ್ಚ್ ಬಗ್ಗೆಯೂ ಅರೆಬರೆ ತಿಳಿವಳಿಕೆ ಓಡಾಡುತ್ತದೆ. ಅದು ವೇಗದ್ದು ಎಂಬುದು ನಿಜ: ಸಾವಿರ ಹೆಸರಿನ ಪಟ್ಟಿಯಲ್ಲಿ ಒಂದನ್ನು ಹುಡುಕಲು ಹೆಚ್ಚೆಂದರೆ 10 ಹೋಲಿಕೆ ಸಾಕು. ಆದರೆ ಪಟ್ಟಿ ಮೊದಲೇ ಕ್ರಮದಲ್ಲಿರಬೇಕು. ಕ್ರಮವಿಲ್ಲದ ಪಟ್ಟಿಗೆ ಅದನ್ನು ಹಾಕಿದರೆ ಕಣ್ಣೆದುರಿಗಿರುವ ಹೆಸರನ್ನೂ ಇಲ್ಲ ಎಂದುಬಿಡಬಹುದು.

ಇನ್ನು ಅಣ್ಣ, ಅಕ್ಕಂದಿರ ಹಳೆಯ ಗೈಡು. ಮನೆಯಲ್ಲಿ ಪುಸ್ತಕ ಕೈಯಿಂದ ಕೈಗೆ ದಾಟುವುದು ಒಳ್ಳೆಯ ರೂಢಿ, ಈ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೊದಲು ದ್ವಿತೀಯ ಪಿಯು ಸಿಎಸ್ ಎಂದರೆ ಸಿ ಪ್ಲಸ್ ಪ್ಲಸ್, ಬೂಲಿಯನ್ ಬೀಜಗಣಿತ, ಕಾರ್ನೋ ನಕ್ಷೆ. 2024-25ರಿಂದ ಎನ್‌ಸಿಇಆರ್‌ಟಿ ಪಠ್ಯ ಬಂದಿದೆ, ಭಾಷೆ ಪೈಥಾನ್. ಈಗ ಓದಬೇಕಾದದ್ದು ಎಕ್ಸೆಪ್ಷನ್ ಹ್ಯಾಂಡ್ಲಿಂಗ್, ಫೈಲ್ ಹ್ಯಾಂಡ್ಲಿಂಗ್, ಸ್ಟಾಕ್, ಕ್ಯೂ, ಸಾರ್ಟಿಂಗ್, ಸರ್ಚಿಂಗ್, ದತ್ತಾಂಶ, ಎಸ್‌ಕ್ಯೂಎಲ್, ನೆಟ್‌ವರ್ಕ್, ಭದ್ರತೆ. ಹಳೆಯ ಗೈಡಿನ ಎಸ್‌ಕ್ಯೂಎಲ್, ನೆಟ್‌ವರ್ಕ್ ಅಧ್ಯಾಯಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ. ಕಾರ್ನೋ ನಕ್ಷೆಗೆ ರಾತ್ರಿ ನಿದ್ದೆಗೆಡುವುದು ವ್ಯರ್ಥ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವವರು 2025ರ ಪರೀಕ್ಷೆ ಮತ್ತು ಅನಂತರದವನ್ನೇ ಹಿಡಿಯಬೇಕು.

ಹೊಸ ಪಠ್ಯದೊಳಗೇ ಹುಟ್ಟಿಕೊಂಡ ತಪ್ಪು ಕಲ್ಪನೆಗಳೂ ಇವೆ. ಫೈಲನ್ನು ‘ಡಬ್ಲ್ಯೂ’ ಮೋಡಿನಲ್ಲಿ ತೆರೆದರೆ ಇದ್ದುದರ ಮುಂದಕ್ಕೆ ಬರೆಯಬಹುದು ಎಂದು ಹಲವರು ತಿಳಿದಿರುತ್ತಾರೆ. ತೆರೆದ ಕ್ಷಣವೇ ಹಳೆಯದೆಲ್ಲ ಅಳಿಸಿಹೋಗುತ್ತದೆ; ಮುಂದುವರಿಸಿ ಬರೆಯಲು ‘ಎ’ ಮೋಡ್ ಬೇಕು. ಎಸ್‌ಕ್ಯೂಎಲ್‌ನಲ್ಲಿ ನಲ್ ಎಂದರೆ ಸೊನ್ನೆ ಎಂಬುದು ಇನ್ನೊಂದು. ಮೂವರು ಮಕ್ಕಳಲ್ಲಿ ಒಬ್ಬರಿಗೆ 40, ಇನ್ನೊಬ್ಬರಿಗೆ 50, ಮೂರನೆಯವರು ಗೈರುಹಾಜರು. ಗೈರುಹಾಜರಿಗೆ ನಲ್ ಇಟ್ಟರೆ ಸರಾಸರಿ 45 ಬರುತ್ತದೆ, ಸೊನ್ನೆ ಇಟ್ಟರೆ 30. ಪರೀಕ್ಷೆ ಬರೆದು ಸೊನ್ನೆ ಪಡೆದವರೂ ಬರೆಯಲೇ ಇಲ್ಲದವರೂ ಬೇರೆ ಬೇರೆ ಎಂಬುದನ್ನು ಡೇಟಾಬೇಸ್ ಮರೆಯುವುದಿಲ್ಲ. ನಲ್ ಇರುವ ಸಾಲುಗಳನ್ನು ಹುಡುಕಲು ಸಮ ಚಿಹ್ನೆ ಹಾಕಿದರೆ ಒಂದೂ ಸಿಗುವುದಿಲ್ಲ, ‘ಈಸ್ ನಲ್’ ಎಂದೇ ಬರೆಯಬೇಕು.

‘ಕನ್ನಡ ಮೀಡಿಯಂನವರಿಗೆ ಇದು ಆಗಿಬರೋದಿಲ್ಲ’ ಎಂಬ ಮಾತು ಎಲ್ಲಕ್ಕಿಂತ ನೋವಿನದು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದ ಮಗುವಿನ ಧೈರ್ಯವನ್ನು ಮೊದಲ ದಿನವೇ ಮುರಿಯುವ ಮಾತು ಇದು. ಪೈಥಾನಿನ ಮೀಸಲು ಪದಗಳು ಒಟ್ಟು 35. ಒಂದು ವಾರ ಮನಸ್ಸಿಟ್ಟರೆ ಅಷ್ಟೂ ಬಳಕೆಗೆ ಬರುತ್ತವೆ. ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಕಲಿಯಬೇಕು, ನಿಜ. ಆ ಪದದ ಹಿಂದಿನ ತರ್ಕವನ್ನು ಕನ್ನಡದಲ್ಲಿ ಯೋಚಿಸಲು ಯಾವ ಅಡ್ಡಿಯೂ ಇಲ್ಲ. ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ‘ಅಂಕ’ ಎಂದು ಕನ್ನಡ ಅಕ್ಷರದಲ್ಲೇ ಹೆಸರಿಟ್ಟರೂ ಪ್ರೋಗ್ರಾಂ ಓಡುತ್ತದೆ.

ಕನ್ನಡ ಬಲ್ಲವರು ಇಲ್ಲಿ ಒಂದು ಹೆಜ್ಜೆ ಮುಂದೆಯೇ ಇರಬಹುದು. ಪ್ರಥಮ ಪಿಯುನಲ್ಲಿ ಆಸ್ಕಿ, ಇಸ್ಕಿ, ಯೂನಿಕೋಡ್ ಎಂಬ ಅಕ್ಷರ ಸಂಕೇತಗಳ ಪಾಠವಿದೆ. ಹಿರೇಹಡಗಲಿ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರ ಆರು. ಪೈಥಾನಿನ ‘ಲೆನ್’ ಫಂಕ್ಷನ್‌ಗೆ ಕೊಟ್ಟರೆ ಉತ್ತರ 9. ಹಿ, ರೇ, ಲಿ ಈ ಮೂರರಲ್ಲಿ ಮೂಲಾಕ್ಷರಕ್ಕೊಂದು, ಗುಣಿತದ ಚಿಹ್ನೆಗೊಂದು ಪ್ರತ್ಯೇಕ ಸಂಖ್ಯೆಯಿರುವುದೇ ಕಾರಣ. ಯುಟಿಎಫ್-8ರಲ್ಲಿ ಉಳಿಸಿದರೆ ಒಂದೊಂದಕ್ಕೆ 3 ಬೈಟ್, ಒಟ್ಟು 27 ಬೈಟ್. ಕಾಗುಣಿತ ಕಲಿತ ಮಗುವಿಗೆ ಇದು ಥಟ್ಟನೆ ಹೊಳೆಯುತ್ತದೆ. ಇದೇ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಶಾಸನ ಪ್ರಾಕೃತ ಭಾಷೆಯದು, ಅದರ ಲಿಪಿ ಬ್ರಾಹ್ಮಿ ಮೂಲದ್ದು. ಆ ಬ್ರಾಹ್ಮಿಗೂ 2010ರಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದೆ. ಉಪನ್ಯಾಸಕರು ಈ ಪಾಠವನ್ನು ಊರ ಹೆಸರಿನಿಂದಲೇ ಶುರು ಮಾಡಿದರೆ ಚೆನ್ನ.

ಪೋಷಕರ ಲೆಕ್ಕಾಚಾರ ಬೇರೆ: ‘ಪಿಯುನಲ್ಲಿ ಸಿಎಸ್ ಓದದಿದ್ದರೆ ಮುಂದೆ ಕಂಪ್ಯೂಟರ್ ಎಂಜಿನಿಯರಿಂಗ್ ಸೀಟು ಸಿಗೋದಿಲ್ಲ.’ ಹಾಗೇನಿಲ್ಲ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಪತ್ರಿಕೆಯೇ ಇಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಪಿಯುನ ಅದೇ ಮೂರು ವಿಷಯಗಳ ಅಂಕ ಅರ್ಧ. ಜೀವಶಾಸ್ತ್ರದ ಜೊತೆ ಗಣಿತ ಓದಿದ ಪಿಸಿಎಂಬಿ ವಿದ್ಯಾರ್ಥಿಗೂ ಕಂಪ್ಯೂಟರ್ ಶಾಖೆ ತೆರೆದೇ ಇದೆ. ಈ ಭಾಗದವರು ಅದಕ್ಕಿಂತ ಗಟ್ಟಿಯಾಗಿ ನೆನಪಿಡಬೇಕಾದದ್ದು 371ಜೆ ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟು ಈ ಭಾಗದ ಸ್ಥಳೀಯರಿಗೆ ಮೀಸಲು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿಗೂ ಇದು ಅನ್ವಯಿಸುತ್ತದೆ. ಸಿಎಸ್ ತೆಗೆದುಕೊಳ್ಳುವುದಾದರೆ ಸೀಟಿನ ಭಯಕ್ಕಲ್ಲ, ವಿಷಯ ಇಷ್ಟವಾಗಿ ತೆಗೆದುಕೊಳ್ಳಲಿ.

ಕೊನೆಯ ನಂಬಿಕೆ ಅಪಾಯದ್ದು: ಒಮ್ಮೆ ಕೈಕೊಟ್ಟರೆ ವರ್ಷವೇ ಹೋಯಿತು ಎಂಬುದು. 2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ದ್ವಿತೀಯ ಪಿಯುಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಅಂಕ ಸಾಲದು ಎನ್ನಿಸಿದವರು, ಪಾಸಾಗಿದ್ದರೂ ಸರಿ, ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶ ಬರುವ ಮುಂಚೆಯೇ ಅಪ್ಪ, ಅವ್ವ ಈ ಮಾತನ್ನು ಮಕ್ಕಳನ್ನು ಕೂರಿಸಿಕೊಂಡು ಹೇಳಿಬಿಡಲಿ.